ರಕ್ತದೊಳಗಣ ಬೆಳಕು

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದುವು. ಅಲ್ಲಿ ಒಂದು ಟನ್ನು ಕಲ್ಲನ್ನು ಅರೆದರೆ ಕೆಲವೇ ಗ್ರಾಂ ಚಿನ್ನವು ದೊರೆಯುತ್ತಿದ್ದಿತೆಂಬುದನ್ನು ನಮ್ಮ ವಾಚಕರು ಬಲ್ಲರಷ್ಟೆ. ರಕ್ತದಲ್ಲಿ ಅರ್ಬುದರೋಗದ ಗುರುತನ್ನು ಹುಡುಕುವುದು ಅದಕ್ಕಿಂತಲೂ ಸೂಕ್ಷ್ಮವಾದ ಕಾರ್ಯವು. ಪುರುಷರ ಪ್ರಾಸ್ಟೇಟ್ ಗ್ರಂಥಿಯ ಪರೀಕ್ಷೆಯಲ್ಲಿ ಒಂದು ಮಿಲಿಲೀಟರಿಗೆ 4 ನ್ಯಾನೊಗ್ರಾಂ ಮೀರಿದರೆ ಸಾಮಾನ್ಯವಾಗಿ ವೈದ್ಯರು ಎಚ್ಚರಗೊಳ್ಳುವರು. ಇದು ಆ ಕಲ್ಲಿನೊಳಗಣ ಚಿನ್ನಕ್ಕಿಂತ ಸುಮಾರು ಸಾವಿರ ಪಾಲು ವಿರಳವಾದುದು.

ಇದಕ್ಕಾಗಿ ವಿಜ್ಞಾನಿಗಳು ಹೊಳೆಯುವ ನ್ಯಾನೊಕಣಗಳನ್ನು ಬಳಸುವರು. ರೋಗದ ಗುರುತನ್ನು ಮಾತ್ರ ಹಿಡಿಯುವ ಪ್ರತಿಕಾಯವನ್ನು ತಟ್ಟೆಗೂ ಕಣಕ್ಕೂ ಅಂಟಿಸುವರು. ಗುರುತು ಇವೆರಡರ ನಡುವೆ ಸಿಕ್ಕಿಕೊಳ್ಳುವುದು. ಮಿಕ್ಕ ಕಣಗಳನ್ನು ತೊಳೆದು ಬೆಳಕನ್ನು ಹಾಯಿಸಿದರೆ, ಉಳಿದವು ಹೊಳೆಯುವುವು. ರಕ್ತದ ಸ್ವಂತ ಹೊಳಪು ಥಟ್ಟನೆ ಆರಿಹೋಗುವುದು. ಯೂರೋಪಿಯಂ ಧಾತುವಿನ ಕಣಗಳ ಹೊಳಪಾದರೋ ಅದಕ್ಕಿಂತ ಬಹಳ ಹೆಚ್ಚು ಕಾಲ ನಿಲ್ಲುವುದು. ಆದುದರಿಂದ ತುಸು ತಡೆದು ಅಳೆದರೆ ಗುರುತು ಸ್ಪಷ್ಟವಾಗುವುದು. ಆದರೂ ರಕ್ತಪರೀಕ್ಷೆಯೊಂದೇ ಕಡೆಯ ತೀರ್ಪಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ದವಡೆಯಲ್ಲಿಟ್ಟುಕೊಳ್ಳುವ ತಾಯಂದಿರು ಉಂಟು. ಇದರಿಂದ ಬಾಯಿಯ ಅರ್ಬುದವು ಹುಟ್ಟಬಹುದು. ಅದನ್ನು ಶಂಕಿಸಲು ನ್ಯಾನೊಕಣಗಳೇ ಬೇಕೆಂದಿಲ್ಲ. ಮನೆಯ ದೀಪವೂ ಕನ್ನಡಿಯೂ ಸಾಕು. ಕೆನ್ನೆಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆಯಾಗಲಿ, ಮೂರು ವಾರವಾದರೂ ಮಾಯದ ಹುಣ್ಣಾಗಲಿ ಕಂಡಲ್ಲಿ, ನೋವಿಲ್ಲವೆಂದು ಉದಾಸೀನ ಮಾಡದೆ, ಕೋಲಾರದ ಟಮಕದಲ್ಲಿರುವ ಜಾಲಪ್ಪ ಆಸ್ಪತ್ರೆಗಾಗಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಾಗಲಿ ಹೋಗತಕ್ಕದ್ದು. ಅಲ್ಲಿ ಮಾಂಸದ ಚೂರನ್ನು ತೆಗೆದು ಪರೀಕ್ಷಿಸಿ ನಿಶ್ಚಯಿಸುವರು. ಬೇಗ ಕಂಡ ರೋಗವು ಗುಣವಾಗುವ ಸಂಭವವು ಹೆಚ್ಚು.

ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರ ಬಾಯನ್ನು ದೀಪ ಹಿಡಿದು ಒಮ್ಮೆ ನೋಡಬೇಕೆಂದು ವಾಚಕರಲ್ಲಿ ಅರಿಕೆ ಮಾಡುವೆವು.