ಹಂಪೆಯ ಬಯಲೂ ವಿಶಾಲಕೋನ ಮಸೂರವೂ

ಹಂಪೆಯ ಮಾತಂಗ ಪರ್ವತವನ್ನು ನಸುಕಿನಲ್ಲಿ ಏರಿ ನಿಂತವರಿಗೆ ದೊರೆಯುವ ದೃಶ್ಯವು ಅಪೂರ್ವವಾದುದು. ಕೆಳಗಿನ ಕಣಿವೆಯಲ್ಲಿ ಅಚ್ಯುತರಾಯ ದೇವಾಲಯದ ಪ್ರಾಕಾರ, ಬಂಡೆಗಳ ನಡುವೆ ಹರಿಯುವ ತುಂಗಭದ್ರೆ, ಪಶ್ಚಿಮಕ್ಕೆ ವಿರೂಪಾಕ್ಷನ ಒಂಬತ್ತು ಅಂತಸ್ತಿನ ಗೋಪುರ, ಸುತ್ತಲೂ ದಿಗಂತದವರೆಗೆ ಹಬ್ಬಿದ ಕಲ್ಲುಗುಡ್ಡಗಳು. ಶಾಲಾ ಪ್ರವಾಸದಲ್ಲಿ ಅಲ್ಲಿಗೆ ಹೋದ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಈ ವೈಭವವನ್ನೆಲ್ಲ ಒಂದೇ ಚಿತ್ರದಲ್ಲಿ ಹಿಡಿದು ತರಬೇಕೆಂದು ಹಂಬಲಿಸುವುದು ಸಹಜ. ಆದರೆ ಊರಿಗೆ ಮರಳಿ ನೋಡಿದಾಗ ಗೋಪುರವು ಕಡ್ಡಿಯಷ್ಟಾಗಿರುತ್ತದೆ. ಗುಡ್ಡಗಳು ತೆಳುವಾದ ಒಂದು ಗೆರೆಯಾಗಿರುತ್ತವೆ. ಮಿಕ್ಕ ಭಾಗವೆಲ್ಲ ಬರಿಯ ಆಕಾಶ, ಬರಿಯ ನೆಲ. ಕಣ್ಣು ಕಂಡದ್ದು ಚಿತ್ರಕ್ಕೆ ಬಾರದೆ ಹೋದುದೇಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮಸೂರದ ನಾಭಿದೂರ ಕಡಿಮೆಯಾದಂತೆ ಅದು ಕಾಣುವ ಕೋನ ಹಿಗ್ಗುತ್ತದೆ. 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರದ ಫಿಲ್ಮಿನ ಕ್ಯಾಮೆರಾದಲ್ಲಿ 50 ಮಿಲಿಮೀಟರಿನ ಮಸೂರವು ಅಡ್ಡಲಾಗಿ ಸುಮಾರು 40 ಡಿಗ್ರಿಗಳನ್ನು ಕಂಡರೆ, 24 ಮಿಲಿಮೀಟರಿನದು ಸುಮಾರು 74 ಡಿಗ್ರಿಗಳನ್ನು ಕಾಣುತ್ತದೆ. ವೈಡ್ ಆ್ಯಂಗಲ್ ಲೆನ್ಸ್ ಎಂದು ಛಾಯಾಗ್ರಾಹಕರು ಕರೆಯುವ ವಿಶಾಲಕೋನ ಮಸೂರವು ಇದೇ. ಇಂದಿನ ಬಹುಪಾಲು ಮೊಬೈಲ್ ಫೋನುಗಳ ಮುಖ್ಯ ಮಸೂರವೂ ಹೆಚ್ಚುಕಡಿಮೆ ಇದೇ ವರ್ಗದ್ದು. ಕ್ಯಾಮೆರಾದ ಚೌಕಟ್ಟು ಮಾತ್ರ ಅಷ್ಟೇ ಇರುವುದರಿಂದ, ಹೆಚ್ಚು ವಸ್ತುಗಳು ಒಳಬಂದಂತೆ ಪ್ರತಿಯೊಂದೂ ಕುಗ್ಗಲೇಬೇಕು. 50ರ ಮಸೂರದಲ್ಲಿ ಕಂಡ ಗೋಪುರವು, ನಿಂತ ಸ್ಥಳವನ್ನು ಬದಲಿಸದೆ 24ರಲ್ಲಿ ನೋಡಿದರೆ, ಅರ್ಧಕ್ಕಿಂತಲೂ ಕಿರಿದಾಗುತ್ತದೆ. ಕಣ್ಣಾದರೋ ಗೋಪುರದ ಮೇಲೆ ನಿಂತಾಗ ಉಳಿದುದನ್ನು ಮರೆಯುತ್ತದೆ. ಮಸೂರಕ್ಕೆ ಆ ಮರೆವು ಇಲ್ಲ.

ಮಹಾಕಾವ್ಯಕ್ಕೆ ಅಷ್ಟಾದಶ ವರ್ಣನೆಗಳು ಬೇಕೆಂದು ಲಾಕ್ಷಣಿಕರು ವಿಧಿಸಿದರು. ಹದಿನೆಂಟನ್ನೂ ತುರುಕಿದ ಮಾತ್ರಕ್ಕೆ ಕಾವ್ಯವಾಗದೆಂಬುದನ್ನು, ಅಂಥ ಕೃತಿಗಳನ್ನು ಪರೀಕ್ಷೆಗಾಗಿ ಓದಿ ಬಳಲಿದ ಹಳೆಯ ವಿದ್ಯಾರ್ಥಿಗಳು ಬಲ್ಲರು. ವಿಶಾಲಕೋನ ಮಸೂರವನ್ನು ಎಲ್ಲವನ್ನೂ ತುಂಬುವ ಚೀಲವೆಂದು ಭಾವಿಸುವುದೂ ಇಂಥದೇ ತಪ್ಪು. ಅದರ ನಿಜವಾದ ಶಕ್ತಿಯಿರುವುದು ಹತ್ತಿರದ ವಸ್ತುವಿಗೂ ದೂರದ ವಸ್ತುವಿಗೂ ನಡುವಣ ಅಂತರವನ್ನು ಹಿಗ್ಗಿಸಿ ತೋರಿಸುವುದರಲ್ಲಿ.

ಇದರ ಗಣಿತ ಬಹು ಸರಳ. ವಸ್ತುವಿನ ದೂರ ಅರ್ಧವಾದರೆ ಅದರ ಬಿಂಬವು ಇಮ್ಮಡಿಯಾಗುತ್ತದೆ. ಮಾತಂಗದ ನೆತ್ತಿಯ ಮೇಲೆ ಒಂದು ಬಂಡೆಯಿಂದ 2 ಮೀಟರ್ ದೂರದಲ್ಲಿ ನಿಂತವನು ಒಂದೇ ಮೀಟರ್ ಮುಂದೆ ಸರಿದರೆ ಬಂಡೆ ಚಿತ್ರದಲ್ಲಿ ಇಮ್ಮಡಿಸುತ್ತದೆ. ಸುಮಾರು ಒಂದು ಕಿಲೋಮೀಟರ್ ಆಚೆಗಿರುವ ಗೋಪುರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದು. ಒಂದು ಹೆಜ್ಜೆಯಿಂದ ಚಿತ್ರದ ಅರ್ಥವೇ ಬದಲಾಗುವುದು ಹೀಗೆ. ಆದುದರಿಂದ ಈ ಮಸೂರವನ್ನು ಹಿಡಿದವನು ಮೊದಲು ಹುಡುಕಬೇಕಾದುದು ದೂರದ ಗೋಪುರವನ್ನಲ್ಲ, ಕಾಲಬುಡದ ವಸ್ತುವನ್ನು: ಸವೆದ ಮೆಟ್ಟಿಲು, ಸೀಳಿದ ಬಂಡೆ, ಮಳೆನೀರು ನಿಂತ ಹೊಂಡ. ಆ ವಸ್ತುವಿನ ಗೆರೆಯೊಂದು ಗೋಪುರದತ್ತ ಸಾಗುವಂತಿದ್ದರೆ ನೋಡುವವನ ದೃಷ್ಟಿ ತಾನಾಗಿಯೇ ಆ ದಾರಿಯನ್ನು ಹಿಡಿಯುತ್ತದೆ. ಇದಕ್ಕಾಗಿ ಮೊಣಕಾಲೂರಿ ಕುಳಿತುಕೊಳ್ಳಬೇಕಾದೀತು. ನಿಂತಲ್ಲಿಂದಲೇ ತೆಗೆದ ಚಿತ್ರಗಳಲ್ಲಿ ಮುನ್ನೆಲವು ಹೆಚ್ಚಾಗಿ ಅನಾಥವಾಗಿರುತ್ತದೆ.

ಹತ್ತಿರದ ಬಂಡೆಯೂ ದೂರದ ಗೋಪುರವೂ ಒಟ್ಟಿಗೆ ಸ್ಫುಟವಾಗಿ ಮೂಡಬಲ್ಲವೇ ಎಂಬ ಶಂಕೆ ಏಳಬಹುದು. 24 ಮಿಲಿಮೀಟರಿನ ಮಸೂರದ ರಂಧ್ರವನ್ನು ಎಫ್ 11ಕ್ಕೆ ಕಿರಿದುಗೊಳಿಸಿ ಸುಮಾರು 1.75 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಒಂದು ಮೀಟರಿಗಿಂತ ಈಚಿನಿಂದ ಅನಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟವಾಗಿರುತ್ತದೆ. ಕಿರಿದಾದ ರಂಧ್ರದಿಂದ ಬೆಳಕು ನಿಧಾನವಾಗಿ ಒಳಬರುವುದರಿಂದ ನಸುಕಿನಲ್ಲಿ ಮುಕ್ಕಾಲಿ ಸ್ಟ್ಯಾಂಡು ಅನಿವಾರ್ಯ. ಇನ್ನೊಂದು ಎಚ್ಚರವೂ ಬೇಕು. ಹೇಮಕೂಟದಿಂದ ಗೋಪುರವನ್ನು ತೆಗೆಯುವಾಗ ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಿದರೆ ಗೋಪುರವು ಹಿಂದಕ್ಕೆ ವಾಲಿದಂತೆ ತೋರುತ್ತದೆ. ಕ್ಯಾಮೆರಾವನ್ನು ಸಮತಲದಲ್ಲಿ ಹಿಡಿದು, ಬೇಡದ ನೆಲವನ್ನು ಅನಂತರ ಕತ್ತರಿಸುವುದು ಮೇಲು. ಅಂಚಿನಲ್ಲಿ ನಿಂತ ಮನುಷ್ಯರು ಅಡ್ಡಕ್ಕೆ ಎಳೆದಂತಾಗುವರು. ಗುಂಪುಚಿತ್ರದ ಎರಡು ಕೊನೆಗಳಲ್ಲಿ ನಿಂತ ಹಿರಿಯರು ಅಕಾರಣವಾಗಿ ಸ್ಥೂಲಕಾಯರಾಗುವುದು ಇದರಿಂದಲೇ.

ರಚನೆ ಸಿದ್ಧವಾದ ಮೇಲೆ ಉಳಿಯುವುದು ಬೆಳಕಿನ ಲೆಕ್ಕ. ಕಠಿಣವಾದ ಭಾಗವಿದು. ವಿಶಾಲ ಚೌಕಟ್ಟಿನಲ್ಲಿ ಆಕಾಶವೂ ನೆಲವೂ ಒಟ್ಟಿಗೆ ಬರುತ್ತವೆ. ಸೂರ್ಯೋದಯದ ದಿಕ್ಕಿಗೆ ಮುಖಮಾಡಿದಾಗ ಆಕಾಶವು ನೆರಳಿನ ಬಂಡೆಗಿಂತ ನಾಲ್ಕೈದು ಸ್ಟಾಪ್‌ಗಳಷ್ಟು ಪ್ರಕಾಶಮಾನವಾಗಿರುವುದು ಅಪರೂಪವಲ್ಲ. ಒಂದೊಂದು ಸ್ಟಾಪೂ ಬೆಳಕಿನ ಇಮ್ಮಡಿಯಾದುದರಿಂದ ನಾಲ್ಕು ಸ್ಟಾಪ್ ಎಂದರೆ ಹದಿನಾರು ಪಟ್ಟು, ಐದು ಎಂದರೆ ಮೂವತ್ತೆರಡು ಪಟ್ಟು. ಕ್ಯಾಮೆರಾದ ಬೆಳಕಿನ ಮಾಪಕವು ತನ್ನೆದುರಿಗಿರುವುದನ್ನೆಲ್ಲ ನಡುತರದ ಬೂದುಬಣ್ಣವೆಂದೇ ತಿಳಿಯುತ್ತದೆ. ಚೌಕಟ್ಟಿನ ಮುಕ್ಕಾಲು ಪಾಲು ಆಕಾಶವಿದ್ದರೆ ಬೆಳಕು ಹೆಚ್ಚಾಯಿತೆಂದು ಎಣಿಸಿ ಅದನ್ನು ತಗ್ಗಿಸಿಬಿಡುತ್ತದೆ, ಬಂಡೆಗಳು ಮಸಿಯಾಗುತ್ತವೆ. ನೆಲವೇ ಹೆಚ್ಚಿದ್ದರೆ ಮೋಡಗಳು ಸುಣ್ಣದಂತೆ ಬಿಳಿಚಿ ಅಳಿಸಿಹೋಗುತ್ತವೆ.

ಯಾವುದನ್ನು ಉಳಿಸಬೇಕೆಂಬ ನಿರ್ಣಯವು ಯಂತ್ರದ್ದಲ್ಲ, ಛಾಯಾಗ್ರಾಹಕನದು. ನೆಗೆಟಿವ್ ಫಿಲ್ಮಿನ ಕಾಲದಲ್ಲಿ ನೆರಳಿಗೆ ಸಾಕಷ್ಟು ಬೆಳಕು ಕೊಡುವುದು ವಾಡಿಕೆಯಾಗಿತ್ತು. ಬೆಳಕು ಬೀಳದ ಕಡೆ ಫಿಲ್ಮಿನಲ್ಲಿ ಏನೂ ಮೂಡುತ್ತಿರಲಿಲ್ಲ. ಡಿಜಿಟಲ್ ಕ್ಯಾಮೆರಾದಲ್ಲಿ ಇದು ತಿರುಗುಮುರುಗಾಗಿದೆ. ಅಲ್ಲಿ ಒಮ್ಮೆ ಬಿಳಿಚಿಹೋದ ಮೋಡವನ್ನು ಯಾವ ಉಪಾಯದಿಂದಲೂ ಮರಳಿ ತರಲಾಗದು, ನೆರಳನ್ನಾದರೋ ತಕ್ಕಮಟ್ಟಿಗೆ ಎತ್ತಬಹುದು. ಆದಕಾರಣ ಫೋನಿನಲ್ಲಾದರೂ ಪರದೆಯ ಮೇಲೆ ಬೆಳಗುವ ಮೋಡವನ್ನು ಬೆರಳಿನಿಂದ ಮುಟ್ಟಿ, ಅದಕ್ಕೆ ತಕ್ಕ ಬೆಳಕನ್ನು ನಿಗದಿಪಡಿಸಿ, ನೆಲವು ಕೊಂಚ ಕಪ್ಪಾದರೂ ಸಹಿಸಿಕೊಳ್ಳುವುದು ಒಳ್ಳೆಯದು. ಮೇಲರ್ಧ ಮಾತ್ರ ಮಬ್ಬಾಗಿರುವ ಗಾಜಿನ ಫಿಲ್ಟರನ್ನು ಮಸೂರದ ಮುಂದಿಟ್ಟು ಆಕಾಶವನ್ನು ತಗ್ಗಿಸುವವರೂ ಉಂಟು. ಎರಡು ಚಿತ್ರಗಳನ್ನು ತೆಗೆದು ಜೋಡಿಸುವ ಉಪಾಯವು ಹೊಸದೇನಲ್ಲ: ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿಯೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ಒಂದೇ ಚಿತ್ರವನ್ನು ಮುದ್ರಿಸಿದ್ದನು. ಇಂದಿನ ಫೋನುಗಳು ಇಂಥ ಜೋಡಣೆಯನ್ನು ಕ್ಷಣಾರ್ಧದಲ್ಲಿ ತಾವೇ ಮಾಡಿಬಿಡುತ್ತವೆ. ಆದರೆ ಆಕಾಶ, ಬಂಡೆ ಎರಡನ್ನೂ ಸಮನಾಗಿ ಬೆಳಗಿಸಿದಾಗ ನಸುಕು ನಸುಕಾಗಿ ಉಳಿಯದು. ಹೊತ್ತು ಯಾವುದೆಂದೇ ತಿಳಿಯದ ಚಿತ್ರಗಳು ಈಚೆಗೆ ಹೇರಳವಾಗಿವೆ.

ಹಂಪೆಯ ಆಕಾಶವು ಚಿತ್ರದಲ್ಲಿ ಅಳಿಸಿಹೋಗುವುದು ಹಳೆಯ ಕಥೆ. ಮದ್ರಾಸ್ ಸೈನ್ಯದ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ವಿಜಯನಗರದ ಅವಶೇಷಗಳನ್ನು ಚಿತ್ರಿಸಿದನು. ಆ ಕಾಲದ ರಾಸಾಯನಿಕವು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಬರಿದಾಗಿ ಮೂಡುವುದನ್ನು ತಡೆಯುವುದು ಕಷ್ಟಸಾಧ್ಯವಾಗಿತ್ತು. ಬಂಡೆ, ಕಂಬ, ಗೋಪುರಗಳ ವಿವರವನ್ನು ಮಾತ್ರ ಆ ಕಾಗದವು ಹಿಡಿದಿಟ್ಟಿತು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಸ್ಥಳಗಳನ್ನು ಹುಡುಕಿ, ಅಲ್ಲಿಯೇ ನಿಂತು ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನೂರಿಪ್ಪತ್ತೇಳು ವರ್ಷಗಳಲ್ಲಿ ಆ ಬಯಲಿನಲ್ಲಿ ಏನೇನು ಬದಲಾಯಿತೆಂಬುದು ತಿಳಿಯುತ್ತದೆ. ಇದು ಸಾಧ್ಯವಾದುದು ಗ್ರೀನ್‌ಲಾ ಎಲ್ಲಿ ನಿಂತಿದ್ದನೆಂಬುದನ್ನು ಅವನ ಚಿತ್ರದ ಮುನ್ನೆಲವೇ ಹೇಳುತ್ತಿದ್ದುದರಿಂದ.