ಮಗುವಿನ ಜ್ವರ ವಾರ ಕಳೆದರೂ ಇಳಿಯದಿದ್ದಾಗ: ಪೋಷಕರಿಗೆ ಮಾಹಿತಿ

1. ಪೀಠಿಕೆ

ಐದು ವರ್ಷದೊಳಗಿನ ಮಕ್ಕಳಿಗೆ ಆಗಾಗ್ಗೆ ಜ್ವರ ಬರುವುದು ಸಾಮಾನ್ಯ. ಇವುಗಳಲ್ಲಿ ಬಹುಪಾಲು ವೈರಾಣುಗಳಿಂದ ಬರುವ ಜ್ವರಗಳಾಗಿದ್ದು, ಕೆಲವೇ ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ಆದರೆ ಕೆಲವು ಮಕ್ಕಳಲ್ಲಿ ಜ್ವರವು ವಾರ ಕಳೆದರೂ ಇಳಿಯುವುದಿಲ್ಲ. ಮೊದಲ ಪರೀಕ್ಷೆಗಳಲ್ಲಿ ಕಾರಣವೂ ತಿಳಿದುಬರುವುದಿಲ್ಲ. ಇಂತಹ ಸಂದರ್ಭದಲ್ಲಿ ಪೋಷಕರು ಗಾಬರಿಯಿಂದ ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಅಲೆಯುವುದು ಸಹಜ. ಹೀಗೆ ಅಲೆಯುವಾಗ ಹಿಂದಿನ ಚೀಟಿಗಳು ಕಳೆದುಹೋಗುತ್ತವೆ, ಔಷಧಗಳು ಬದಲಾಗುತ್ತವೆ ಮತ್ತು ರೋಗಪತ್ತೆ ಇನ್ನಷ್ಟು ವಿಳಂಬವಾಗುತ್ತದೆ.

ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿ ಭಾಗದ ಪೋಷಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿ ಅಲ್ಲ. ವೈದ್ಯರಿಗೆ ಸರಿಯಾದ ಮಾಹಿತಿ ಒದಗಿಸಲು ಪೋಷಕರಿಗೆ ನೆರವಾಗುವುದೇ ಇದರ ಉದ್ದೇಶ.

2. ಜ್ವರವನ್ನು ಅಳೆಯುವ ಕ್ರಮ

ಹಣೆ ಮುಟ್ಟಿ ನೋಡುವುದರಿಂದ ಮೈ ಬೆಚ್ಚಗಿದೆ ಎಂದಷ್ಟೇ ತಿಳಿಯುತ್ತದೆ, ಜ್ವರ ಎಷ್ಟಿದೆ ಎಂದು ತಿಳಿಯುವುದಿಲ್ಲ. ಔಷಧ ಅಂಗಡಿಗಳಲ್ಲಿ ದೊರೆಯುವ ಡಿಜಿಟಲ್ ಥರ್ಮಾಮೀಟರನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಮಗುವಿನ ಕಂಕುಳಿನ ಬೆವರು ಒರೆಸಿ, ಥರ್ಮಾಮೀಟರಿನ ತುದಿಯನ್ನು ಅಲ್ಲಿರಿಸಿ, ತೋಳನ್ನು ಮೈಗೆ ಒತ್ತಿ ಹಿಡಿದು, ಶಬ್ದ ಬರುವವರೆಗೆ ಕಾಯಬೇಕು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಇದ್ದಲ್ಲಿ ಜ್ವರವೆಂದು ಪರಿಗಣಿಸಲಾಗುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ಇಷ್ಟು ಜ್ವರ ಬಂದರೆ ಮನೆಯಲ್ಲಿ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

3. ಜ್ವರದ ಲೆಕ್ಕ ಬರೆದಿಡುವುದು

ಜ್ವರ ಮೂರು ದಿನ ದಾಟಿದ ಕೂಡಲೇ ಒಂದು ನೋಟ್‌ಬುಕ್ಕಿನಲ್ಲಿ ಕೆಳಕಂಡ ವಿವರಗಳನ್ನು ಬರೆಯಲು ಆರಂಭಿಸಬೇಕು.

(ಅ) ದಿನಾಂಕ, ಜ್ವರದ ಎಷ್ಟನೆಯ ದಿನ ಮತ್ತು ಅಳೆದ ವೇಳೆ. ದಿನಕ್ಕೆ ಮೂರು ಅಥವಾ ನಾಲ್ಕು ಬಾರಿ ಅಳೆದರೆ ಸಾಕು.
(ಆ) ಜ್ವರದ ಪ್ರಮಾಣ. ಔಷಧ ಕೊಡುವ ಮೊದಲು ಅಳೆದದ್ದೋ, ನಂತರ ಅಳೆದದ್ದೋ ಎಂಬುದು.
(ಇ) ಕೊಟ್ಟ ಔಷಧದ ಹೆಸರು, ಪ್ರಮಾಣ ಮತ್ತು ವೇಳೆ.
(ಈ) ಮಗು ಎಷ್ಟು ಸಲ ಮೂತ್ರ ಮಾಡಿತು, ಏನು ಕುಡಿಯಿತು, ವಾಂತಿ ಅಥವಾ ಭೇದಿ ಆಯಿತೇ ಎಂಬುದು.
(ಉ) ಹೊಸದಾಗಿ ಕಂಡ ಲಕ್ಷಣಗಳು: ಮೈಮೇಲೆ ಗಂಧೆ, ಕಣ್ಣು ಕೆಂಪಾಗುವುದು, ಕೀಲು ನೋವು, ಕುತ್ತಿಗೆಯಲ್ಲಿ ಗಂಟು ಇತ್ಯಾದಿ.

ಬರೆಯಲು ಬಾರದವರು ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆಗೆ ಹೋಗುವ ಮನೆಯ ಮಕ್ಕಳ ನೆರವು ಪಡೆಯಬಹುದು. ದಿನವಿಡೀ ಇರುವ ಜ್ವರ, ಸಂಜೆಗೆ ಮಾತ್ರ ಏರುವ ಜ್ವರ, ದಿನ ಬಿಟ್ಟು ದಿನ ಚಳಿಯೊಂದಿಗೆ ಬರುವ ಜ್ವರ ಇವುಗಳ ನಡುವಿನ ವ್ಯತ್ಯಾಸವು ಈ ಪುಟದಿಂದ ವೈದ್ಯರಿಗೆ ತಿಳಿಯುತ್ತದೆ. ಎಷ್ಟೋ ಬಾರಿ ಒಂದು ಜ್ವರ ಇಳಿದು, ಕೆಲವು ದಿನಗಳ ನಂತರ ಬೇರೊಂದು ಸೋಂಕಿನಿಂದ ಮತ್ತೆ ಜ್ವರ ಬಂದಿರುತ್ತದೆ. ಬರೆದಿಟ್ಟ ಲೆಕ್ಕವಿಲ್ಲದಿದ್ದರೆ ಇವೆರಡೂ ಒಂದೇ ದೀರ್ಘ ಜ್ವರದಂತೆ ಕಾಣುತ್ತವೆ.

4. ಕಾರಣ ತಡವಾಗಿ ತಿಳಿಯುವುದೇಕೆ?

ಕೆಲವು ರೋಗಗಳ ಗುರುತು ಮೊದಲ ದಿನಗಳ ಪರೀಕ್ಷೆಯಲ್ಲಿ ಸಿಗುವುದಿಲ್ಲ. ವಿಷಮಶೀತ ಜ್ವರಕ್ಕಾಗಿ ಮಾಡುವ ವಿಡಾಲ್ ಪರೀಕ್ಷೆಯು ಮೊದಲ ವಾರದಲ್ಲಿ ಭರವಸೆಗೆ ಯೋಗ್ಯವಲ್ಲ. ಮಲೇರಿಯಾ ರೋಗಾಣು ಒಂದು ರಕ್ತಲೇಪನದಲ್ಲಿ ಕಾಣದೆ, ಮರುದಿನದ ಲೇಪನದಲ್ಲಿ ಕಾಣಬಹುದು. ಚಿಕ್ಕ ಮಕ್ಕಳ ಮೂತ್ರದ ಸೋಂಕಿನಲ್ಲಿ ಜ್ವರವೊಂದನ್ನು ಬಿಟ್ಟು ಬೇರೆ ಲಕ್ಷಣವೇ ಇರದಿರಬಹುದು.

ಎರಡನೆಯ ಕಾರಣ ಅರ್ಧಂಬರ್ಧ ಚಿಕಿತ್ಸೆ. ಒಂದು ಉದಾಹರಣೆಯನ್ನು ಪರಿಶೀಲಿಸೋಣ. ಕಂಪ್ಲಿಯ ಎರಡು ವರ್ಷದ ಮಗುವಿಗೆ ಜ್ವರ ಬಂದಿದೆ ಎಂದು ಭಾವಿಸಿರಿ. ಮೂರನೆಯ ದಿನ ಪೋಷಕರು ಅಂಗಡಿಯಲ್ಲಿ ಕೇಳಿ ಆ್ಯಂಟಿಬಯಾಟಿಕ್ ಸಿರಪ್ ತಂದು ಎರಡು ದಿನ ಕೊಡುತ್ತಾರೆ. ಆರನೆಯ ದಿನ ಹೊಸಪೇಟೆಯಲ್ಲಿ ಬೇರೊಂದು ಔಷಧ ಆರಂಭವಾಗುತ್ತದೆ. ಒಂಬತ್ತನೆಯ ದಿನ ಬಳ್ಳಾರಿಗೆ ಹೋದಾಗ ಹಿಂದಿನ ಚೀಟಿಗಳು ಕೈಯಲ್ಲಿರುವುದಿಲ್ಲ. ಅಲ್ಲಿ ರಕ್ತದ ಹಾಗೂ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿದರೂ, ಹಿಂದೆ ಕೊಟ್ಟ ಔಷಧದಿಂದ ರೋಗಾಣು ಅರೆಜೀವವಾಗಿ ಬೆಳೆಯದೆ ಹೋಗಬಹುದು. ರೋಗ ಮಗುವಿನಲ್ಲಿ ಉಳಿದಿರುತ್ತದೆ. ವರದಿಯಲ್ಲಿ ಮಾತ್ರ ಏನೂ ಇಲ್ಲವೆಂದು ಬರುತ್ತದೆ.

ಆದ್ದರಿಂದ ವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕೊಡಬಾರದು. ವೈದ್ಯರು ಆರಂಭಿಸಿದ ಔಷಧವನ್ನು ತಾವಾಗಿಯೇ ನಡುವೆ ನಿಲ್ಲಿಸಬಾರದು. ಜ್ವರ ಬೇಗ ಇಳಿಯಲೆಂದು ಸ್ಟೀರಾಯ್ಡ್ ಚುಚ್ಚುಮದ್ದಿಗೆ ಒತ್ತಾಯಿಸಬಾರದು. ಕ್ಷಯ, ರಕ್ತದ ಕ್ಯಾನ್ಸರ್ ಮುಂತಾದ ರೋಗಗಳ ಲಕ್ಷಣಗಳನ್ನು ಅದು ಕೆಲವು ಕಾಲ ಮರೆಮಾಚಬಲ್ಲದು.

5. ಈ ಭಾಗದ ಪೋಷಕರು ವೈದ್ಯರಿಗೆ ತಪ್ಪದೆ ತಿಳಿಸಬೇಕಾದ ಸಂಗತಿಗಳು

ವೈದ್ಯರು ಕೇಳದಿದ್ದರೂ ಈ ಕೆಳಗಿನವುಗಳನ್ನು ಹೇಳತಕ್ಕದ್ದು.

(ಅ) ನೀರು: ಮನೆಯಲ್ಲಿ ತೊಟ್ಟಿ, ಡ್ರಮ್ಮುಗಳಲ್ಲಿ ದಿನಗಟ್ಟಲೆ ನೀರು ಶೇಖರಿಸಲಾಗುತ್ತಿದೆಯೇ? ಡೆಂಗಿ ಹರಡುವ ಸೊಳ್ಳೆ ಇಂತಹ ತಿಳಿನೀರಿನಲ್ಲಿ ಬೆಳೆಯುತ್ತದೆ ಮತ್ತು ಹಗಲಿನಲ್ಲಿ ಕಚ್ಚುತ್ತದೆ. ರಾಜ್ಯ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿದೆ.
(ಆ) ಗದ್ದೆ: ತುಂಗಭದ್ರಾ ಕಾಲುವೆ ನೀರಿನ ಭತ್ತದ ಗದ್ದೆಗಳ ಸಮೀಪ ವಾಸವೇ? ಮಿದುಳು ಜ್ವರ ಹರಡುವ ಸೊಳ್ಳೆ ಗದ್ದೆಯ ನೀರಿನಲ್ಲಿ ಬೆಳೆಯುತ್ತದೆ. ಹಂದಿಗಳಲ್ಲಿ ಈ ವೈರಾಣು ವೃದ್ಧಿಯಾಗುತ್ತದೆ. 2006ರಲ್ಲಿ ದೇಶದ ಆಯ್ದ 11 ಜಿಲ್ಲೆಗಳಲ್ಲಿ ಮಿದುಳು ಜ್ವರದ ಲಸಿಕಾ ಅಭಿಯಾನ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಅಂದಿನ ಅವಿಭಜಿತ ಬಳ್ಳಾರಿ ಜಿಲ್ಲೆಯೇ. ಮಗುವಿಗೆ ಈ ಲಸಿಕೆ ಆಗಿದೆಯೇ ಎಂಬುದನ್ನು ತಾಯಿ ಕಾರ್ಡ್ ನೋಡಿ ತಿಳಿಸಬೇಕು.
(ಇ) ಜಾನುವಾರು: ಮನೆಯಲ್ಲಿ ಕುರಿ, ಮೇಕೆ, ಹಸು ಇವೆಯೇ? ಇತ್ತೀಚೆಗೆ ಅವು ಕಂದು ಹಾಕಿವೆಯೇ? ಮಗು ಹಸಿ ಹಾಲು ಕುಡಿದಿದೆಯೇ? ಬ್ರುಸೆಲ್ಲಾ ಎಂಬ ಜ್ವರವು ಕಾಯಿಸದ ಹಾಲಿನಿಂದ ಬರುತ್ತದೆ ಮತ್ತು ವಾರಗಟ್ಟಲೆ ಬಿಟ್ಟು ಬಿಟ್ಟು ಕಾಡುತ್ತದೆ.
(ಈ) ಗುಡ್ಡ, ಪೊದೆ: ಸಂಡೂರಿನಂತಹ ಗುಡ್ಡಗಾಡಿನಲ್ಲಿ ಅಥವಾ ಹುಲ್ಲು, ಪೊದೆ ಬೆಳೆದ ಜಾಗದಲ್ಲಿ ಮಗು ಆಡಿದೆಯೇ? ಸ್ಕ್ರಬ್ ಟೈಫಸ್ ಎಂಬ ಜ್ವರವು ಕಣ್ಣಿಗೆ ಕಾಣದಷ್ಟು ಸಣ್ಣ ಹುಳು ಕಚ್ಚುವುದರಿಂದ ಬರುತ್ತದೆ. ಕಚ್ಚಿದ ಜಾಗದಲ್ಲಿ ಸುಟ್ಟ ಗಾಯದಂತಹ ಕಪ್ಪು ಹಕ್ಕಳೆ ಇರಬಹುದು. ಸ್ನಾನ ಮಾಡಿಸುವಾಗ ಕಂಕುಳು, ತೊಡೆಸಂದು ಮತ್ತು ಕಿವಿಯ ಹಿಂದೆ ನೋಡಬೇಕು.
(ಉ) ಮನೆಯವರು: ಮನೆಯಲ್ಲಿ ಯಾರಿಗಾದರೂ ಕ್ಷಯರೋಗ ಅಥವಾ ಎರಡು ವಾರ ಮೀರಿದ ಕೆಮ್ಮು ಇದೆಯೇ? ಇದನ್ನು ಸಂಕೋಚದಿಂದ ಮುಚ್ಚಿಡಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ.
(ಊ) ಪ್ರಯಾಣ: ಕೆಲಸಕ್ಕಾಗಿ ಗುಳೆ ಹೋಗಿದ್ದರೆ ಅಥವಾ ಪರಸ್ಥಳದಲ್ಲಿದ್ದು ಬಂದಿದ್ದರೆ ಆ ಊರು ಮತ್ತು ಅವಧಿ.

6. ಐದನೆಯ ದಿನದ ಮಹತ್ವ

ಜ್ವರ ಐದು ದಿನ ದಾಟಿದರೆ, ಮಗು ನೋಡಲು ಚೆನ್ನಾಗಿದ್ದರೂ, ಮಕ್ಕಳ ತಜ್ಞರಿಗೆ ತೋರಿಸಬೇಕು. ಇದಕ್ಕೆ ಒಂದು ವಿಶೇಷ ಕಾರಣವಿದೆ. ಜಪಾನಿನ ವೈದ್ಯ ತೊಮಿಸಾಕು ಕಾವಾಸಾಕಿ ಅವರು 1967ರಲ್ಲಿ ವಿವರಿಸಿದ ರೋಗವೊಂದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುತ್ತದೆ. ಐದು ದಿನ ಅಥವಾ ಹೆಚ್ಚಿನ ಜ್ವರ, ಕೀವಿಲ್ಲದೆ ಕೆಂಪಾದ ಕಣ್ಣುಗಳು, ಒಡೆದ ಕೆಂಪು ತುಟಿ ಮತ್ತು ನಾಲಿಗೆ, ಗಂಧೆ, ಊದಿಕೊಂಡ ಅಂಗೈ ಅಂಗಾಲು, ಕುತ್ತಿಗೆಯಲ್ಲಿ ಗಂಟು ಇದರ ಲಕ್ಷಣಗಳು. ಇವೆಲ್ಲವೂ ಒಂದೇ ದಿನ ಕಾಣದೆ ಒಂದಾದ ಮೇಲೊಂದು ಬಂದುಹೋಗಬಹುದು. ಮಂಗಳವಾರ ಬಂದ ಗಂಧೆ ಶುಕ್ರವಾರ ವೈದ್ಯರ ಮುಂದೆ ಇರುವುದಿಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಇರುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿನ ಹೃದಯದ ರಕ್ತನಾಳಗಳಿಗೆ ಹಾನಿಯಾಗಬಹುದು. ಜ್ವರ ಆರಂಭವಾದ ಹತ್ತು ದಿನಗಳೊಳಗೆ ಚಿಕಿತ್ಸೆ ಸಿಕ್ಕರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

7. ಮನೆಯಲ್ಲಿ ಆರೈಕೆ

(ಅ) ಎದೆಹಾಲು ನಿಲ್ಲಿಸಬಾರದು. ದೊಡ್ಡ ಮಕ್ಕಳಿಗೆ ಗಂಜಿ, ಅಂಬಲಿ, ಎಳನೀರು, ತಿಳಿ ಮಜ್ಜಿಗೆ, ಓಆರ್‌ಎಸ್ ದ್ರಾವಣವನ್ನು ಸ್ವಲ್ಪ ಸ್ವಲ್ಪವಾಗಿ ಪದೇಪದೇ ಕೊಡಬೇಕು.
(ಆ) ತೆಳುವಾದ ಹತ್ತಿ ಬಟ್ಟೆ ಸಾಕು. ಕಂಬಳಿ ಹೊದಿಸಿ ಬೆವರಿಸುವುದು, ತಣ್ಣೀರು ಸುರಿಯುವುದು ಎರಡೂ ತಪ್ಪು.
(ಇ) ಪ್ಯಾರಾಸಿಟಮಾಲ್ ಪ್ರಮಾಣವನ್ನು ಮಗುವಿನ ತೂಕದ ಮೇಲೆ ನಿರ್ಧರಿಸಲಾಗುತ್ತದೆ. ಒಂದು ಬಾರಿಗೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ. ಎರಡು ಬಾರಿಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರವಿರಬೇಕು; ದಿನಕ್ಕೆ ನಾಲ್ಕು ಬಾರಿ ಮೀರಬಾರದು. 5 ಮಿಲಿಲೀಟರಿನಲ್ಲಿ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್ ಹಾಗೂ 250 ಮಿಲಿಗ್ರಾಂ ಇರುವ ಸಿರಪ್ ಎರಡೂ ಮಾರಾಟದಲ್ಲಿವೆ. ಹನಿ ರೂಪದ ಔಷಧ ಇನ್ನೂ ಗಾಢವಾಗಿರುತ್ತದೆ. ಬಾಟಲಿ ಬದಲಾದಾಗ ಚಮಚದ ಲೆಕ್ಕವೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು.
(ಈ) ಆಸ್ಪಿರಿನ್ ಕೊಡಬಾರದು. ಡೆಂಗಿಯ ಶಂಕೆ ಇದ್ದಲ್ಲಿ ಐಬುಪ್ರೊಫೆನ್ ಸಹ ಕೊಡಬಾರದು, ರಕ್ತಸ್ರಾವವಾಗುವ ಸಂಭವವಿರುತ್ತದೆ.
(ಉ) ದೃಷ್ಟಿ ತೆಗೆಯುವುದು, ತಾಯತ ಕಟ್ಟುವುದು ಆಯಾ ಕುಟುಂಬದ ನಂಬಿಕೆ. ಆದರೆ ಅದಕ್ಕಾಗಿ ಆಸ್ಪತ್ರೆಗೆ ಹೋಗುವುದನ್ನು ಮುಂದೂಡಬಾರದು. ಬರೆ ಹಾಕಿಸುವುದನ್ನು ಯಾವ ಕಾರಣಕ್ಕೂ ಮಾಡಬಾರದು. ಅದರಿಂದ ಜ್ವರ ಹೋಗುವುದಿಲ್ಲ, ಸುಟ್ಟ ಗಾಯ ಸೇರಿಕೊಳ್ಳುತ್ತದೆ.

8. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕಾದ ಲಕ್ಷಣಗಳು

ಫಿಟ್ಸ್ ಬರುವುದು, ಎಬ್ಬಿಸಿದರೂ ಏಳದಂತಹ ಮಂಪರು, ಏನನ್ನೂ ಕುಡಿಯದಿರುವುದು, ಕುಡಿದುದೆಲ್ಲವನ್ನೂ ವಾಂತಿ ಮಾಡುವುದು, ಏದುಸಿರು ಅಥವಾ ಎದೆಗೂಡು ಒಳಸರಿಯುವುದು, ಆರು ಗಂಟೆಗೂ ಮೀರಿ ಮೂತ್ರ ಆಗದಿರುವುದು, ಕುತ್ತಿಗೆ ಬಿಗಿಯುವುದು, ಮೂಗು, ವಸಡು ಅಥವಾ ಮಲದಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು. ಡೆಂಗಿಯಲ್ಲಿ ಜ್ವರ ಇಳಿದ ಮೇಲೆಯೇ ಅಪಾಯ ಹೆಚ್ಚು. ಜ್ವರ ಇಳಿದರೂ ಮಗು ಸುಸ್ತಾಗಿ, ಹೊಟ್ಟೆನೋವೆಂದು ಅಳುತ್ತಿದ್ದರೆ ತಡಮಾಡಬಾರದು. ಫಿಟ್ಸ್ ಬಂದಾಗ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಚಮಚ, ನೀರು, ಔಷಧ ಯಾವುದನ್ನೂ ಹಾಕಬಾರದು. ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬೇಕು.

9. ಎಲ್ಲಿಗೆ ಹೋಗಬೇಕು? ಯಾವ ದಾಖಲೆಗಳು ಬೇಕು?

2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ನಂತರ ಹೊಸಪೇಟೆ ಮತ್ತು ಹಂಪಿ ಸದರಿ ಜಿಲ್ಲೆಗೆ ಸೇರಿವೆ. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಜಿಲ್ಲೆಯ ಗಡಿ ಅಡ್ಡಿಯಲ್ಲ. ಮೊದಲು ಸಮೀಪದ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಗೆ, ಅಲ್ಲಿಂದ ವೈದ್ಯರ ಸೂಚನೆಯಂತೆ ಹೊಸಪೇಟೆಯ ಸರ್ಕಾರಿ ಆಸ್ಪತ್ರೆಗೆ ಅಥವಾ ಜನರು ವಿಮ್ಸ್ ಎಂದು ಕರೆಯುತ್ತ ಬಂದಿರುವ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುವುದು ಸೂಕ್ತ.

ಒಂದು ವರ್ಷದೊಳಗಿನ ಅನಾರೋಗ್ಯಪೀಡಿತ ಶಿಶುಗಳಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಮತ್ತು ಸಾಗಣೆ ಉಚಿತ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಲಭ್ಯವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆಗಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬೇಕಾದಲ್ಲಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆದಿರಬೇಕು. ತುರ್ತು ಚಿಕಿತ್ಸೆಗಳೆಂದು ಪಟ್ಟಿ ಮಾಡಿರುವವುಗಳಿಗೆ ಈ ಪತ್ರದ ಅಗತ್ಯವಿಲ್ಲ.

ಒಂದೇ ಕೈಚೀಲದಲ್ಲಿ ಇರಬೇಕಾದವು: ಜ್ವರದ ನೋಟ್‌ಬುಕ್, ತಾಯಿ ಕಾರ್ಡ್, ಎಲ್ಲ ಹೊರರೋಗಿ ಚೀಟಿಗಳು, ಪರೀಕ್ಷಾ ವರದಿಗಳು, ಖಾಲಿಯಾದ ಔಷಧ ಬಾಟಲಿಗಳು, ಶಿಫಾರಸು ಪತ್ರ, ಪಡಿತರ ಚೀಟಿ ಮತ್ತು ಆಧಾರ್. ಚೀಟಿ ಕಳೆದುಹೋಗುವ ಸಂಭವವಿರುವುದರಿಂದ ಮೊಬೈಲಿನಲ್ಲಿ ಫೋಟೋ ತೆಗೆದಿಡುವುದು ಒಳಿತು.

10. ಪೋಷಕರಿಗೆ ಒಂದು ಮಾತು

ದಾಖಲಾದ ಮಗುವಿಗೆ ವೈದ್ಯರು ಕೆಲವೊಮ್ಮೆ ಹೊಸ ಔಷಧ ಕೊಡದೆ, ದಿನವೂ ಪರೀಕ್ಷಿಸುತ್ತ ಕಾಯುತ್ತಾರೆ. ಇದನ್ನು ನಿರ್ಲಕ್ಷ್ಯವೆಂದು ತಿಳಿಯಬಾರದು. ಜ್ವರದ ಸ್ವರೂಪವನ್ನು ಅದು ಇರುವಂತೆಯೇ ನೋಡುವುದೂ ರೋಗಪತ್ತೆಯ ಒಂದು ಭಾಗ. "ಯಾವ ಕಾಯಿಲೆಯ ಶಂಕೆ ಇದೆ? ಯಾವ ವರದಿ ಎಂದು ಬರುತ್ತದೆ? ಯಾವ ಲಕ್ಷಣ ಕಂಡರೆ ತಿಳಿಸಬೇಕು?" ಎಂಬ ಮೂರು ಪ್ರಶ್ನೆಗಳನ್ನು ವೈದ್ಯರಲ್ಲಿ ಕೇಳುವ ಹಕ್ಕು ಪೋಷಕರಿಗೆ ಇದೆ. ಕೆಲವು ಮಕ್ಕಳಲ್ಲಿ ಕೊನೆಯವರೆಗೂ ಕಾರಣ ತಿಳಿಯದೆ ಜ್ವರ ತಾನಾಗಿ ಇಳಿದು ಮಗು ಪೂರ್ಣ ಗುಣಮುಖವಾಗುವುದೂ ಉಂಟು.

ಹಲವು ರಾತ್ರಿ ನಿದ್ದೆಗೆಟ್ಟ ತಾಯಿಯೊಬ್ಬಳೇ ಎಲ್ಲವನ್ನೂ ನೆನಪಿನಲ್ಲಿಟ್ಟುಕೊಳ್ಳಲು ಸಾಧ್ಯವಿಲ್ಲ. ತಂದೆ, ಅಜ್ಜಿ, ಮನೆಯ ಇತರರು ಸರದಿಯಂತೆ ಮಗುವಿನ ಬಳಿ ಇದ್ದು, ತಮ್ಮ ಸರದಿಯ ಲೆಕ್ಕವನ್ನು ಅದೇ ಪುಸ್ತಕದಲ್ಲಿ ಬರೆಯಬೇಕು. ಊರು, ಆಸ್ಪತ್ರೆ, ವೈದ್ಯರು ಬದಲಾದರೂ ಆ ಪುಸ್ತಕ ಮಗುವಿನ ಜೊತೆಯಲ್ಲಿಯೇ ಇರತಕ್ಕದ್ದು.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.