ಒಂದೇ ಮಳೆಗೆ ಕಟ್ಟಿದ ಆಸ್ತಿ



ಸಾಲಕ್ಕೆ ಅರ್ಜಿ ಹಾಕುವುದು ಹೇಗೆ, ಸಬ್ಸಿಡಿ ಪಡೆಯುವುದು ಹೇಗೆ ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಇವತ್ತು ನಾನು ಹೇಳಹೊರಟಿರುವುದು ಅನುಕೂಲಸ್ಥರ ವಿಷಯ. ಇಪ್ಪತ್ತು ಮೂವತ್ತು ಎಕರೆ ಹೊಲ, ಪೇಟೆಯಲ್ಲಿ ಅಂಗಡಿ, ಬ್ಯಾಂಕಿನಲ್ಲಿ ನಾಲ್ಕು ಕಾಸು ಇರುವ ಮನೆತನಗಳು ರಾಯದುರ್ಗದ ಕಡೆಯೂ ಇವೆ, ಮಡಕಶಿರದ ಕಡೆಯೂ ಇವೆ. ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬೇರೆಯಾದರೂ ಮಳೆಯ ಕಷ್ಟ ಇಬ್ಬರಿಗೂ ಒಂದೇ.

"ಇದ್ದವರಿಗೇನು ಬಿಡಿ" ಎನ್ನುತ್ತೇವೆ. ಬ್ಯಾಂಕಿನ ಕೌಂಟರಿನ ಹಿಂದೆ ಕೂತಿದ್ದವನು ನಾನು, ಹಾಗೆ ಹೇಳಲಾರೆ. ಒಬ್ಬ ಯಜಮಾನರ ಲೆಕ್ಕವನ್ನು ಊಹಿಸಿಕೊಳ್ಳಿ. ಹೊಲದಲ್ಲಿ ಶೇಂಗಾ, ಕಡಲೆಕಾಯಿ ಅನ್ನಿ, ವೇರುಶನಗ ಅನ್ನಿ, ನಿಮ್ಮಿಷ್ಟ. ಊರಿನವರಿಗೆ ಪ್ರೋನೋಟಿನ ಮೇಲೆ ಬಡ್ಡಿಗೆ ಕೊಟ್ಟ ಹಣ. ಪೇಟೆಯಲ್ಲಿ ಗೊಬ್ಬರದ ಅಂಗಡಿ. ಊರಂಚಿನಲ್ಲಿ ಎರಡು ಸೈಟು. ನಾಲ್ಕು ಕಡೆ ಹಂಚಿದ್ದೇನೆ, ಭಯವಿಲ್ಲ ಎಂದು ಅವರ ನಂಬಿಕೆ.

ಅನಂತಪುರದ ಸೀಮೆಯಲ್ಲಿ ವರ್ಷಕ್ಕೆ ಬೀಳುವುದೇ ಸುಮಾರು 550 ಮಿಲಿಮೀಟರ್ ಮಳೆ. ಅದೂ ಕೈಕೊಟ್ಟ ವರ್ಷ ಏನಾಗುತ್ತದೆ? ಬೆಳೆ ಹೋಯಿತು. ಸಾಲ ತೆಗೆದುಕೊಂಡವರ ಬೆಳೆಯೂ ಹೋಯಿತು, ಬಡ್ಡಿ ಎಲ್ಲಿಂದ ಬರಬೇಕು? ಅಂಗಡಿಯ ಉದ್ರಿ ನಿಂತಿತು. ಸೈಟು ಮಾರೋಣವೆಂದರೆ ಕೊಳ್ಳುವವರೇ ಇಲ್ಲ. ಹೆಸರಿಗೆ ನಾಲ್ಕು ಆಸ್ತಿ, ನಿಜಕ್ಕೆ ನಾಲ್ಕೂ ಒಂದೇ ಮಳೆಯ ಮೇಲೆ ನಿಂತದ್ದು. ಹಣ ಹೂಡುವಾಗ ಎಷ್ಟು ಕಡೆ ಎಂದು ಎಣಿಸಿದರೆ ಸಾಲದು. ಮಳೆ ಹೋದ ವರ್ಷ ಇದರಲ್ಲಿ ಯಾವುದು ನನ್ನ ಕೈಗೆ ದುಡ್ಡು ಕೊಡುತ್ತದೆ ಎಂದು ಕೇಳಿಕೊಳ್ಳಬೇಕು. ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಒಂದು ಮನೆಯ ಬಾಡಿಗೆ ಕೊಡುತ್ತದೆ. ಅಂಚೆ ಕಚೇರಿಯ ಉಳಿತಾಯ ಕೊಡುತ್ತದೆ. ಚಿನ್ನದ ಬೆಲೆಗೂ ನಮ್ಮ ಮಳೆಗೂ ಸಂಬಂಧವಿಲ್ಲ, ಅಡವಿಟ್ಟರೆ ಅದೇ ದಿನ ಹಣ ಸಿಗುತ್ತದೆ. ಕನಿಷ್ಠ ಒಂದು ವರ್ಷದ ಮನೆಖರ್ಚು, ಮುಂದಿನ ಬಿತ್ತನೆಯ ಖರ್ಚು, ಇವೆರಡು ಮಳೆಯ ಹಂಗಿಲ್ಲದ ಕಡೆ ಇರಲಿ.

ಬ್ಯಾಂಕಿನಲ್ಲಿಟ್ಟರೆ ಸಾಕೆ? ಅಲ್ಲಿಯೂ ಲೆಕ್ಕ ಇದೆ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಸಿಗುವ ಹಣಕ್ಕೆ ಮಿತಿಯುಂಟು. 1993ರಿಂದ ಒಂದು ಲಕ್ಷವಿತ್ತು, 2020ರ ಫೆಬ್ರವರಿಯಲ್ಲಿ ಐದು ಲಕ್ಷವಾಯಿತು. ಇದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಎರಡೂ ಸೇರಿ. ಅದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ಮೂರು ಎಫ್‌ಡಿ ಮಾಡಿದರೂ ಒಂದೇ ಲೆಕ್ಕ. ಯಜಮಾನರ ಹೆಸರಿನಲ್ಲೇ ನಲವತ್ತು ಲಕ್ಷ ಒಂದೇ ಸಹಕಾರಿ ಬ್ಯಾಂಕಿನಲ್ಲಿದ್ದರೆ ಮೂವತ್ತೈದಕ್ಕೆ ವಿಮೆಯಿಲ್ಲ. ಹೆಂಡತಿ, ದೊಡ್ಡ ಮಗ, ಮಗಳು ಎಂದು ಅವರವರ ಹಣ ಅವರವರ ಹೆಸರಿನಲ್ಲಿ, ಬೇರೆ ಬೇರೆ ಬ್ಯಾಂಕಿನಲ್ಲಿಟ್ಟರೆ ಮಾತು ಬೇರೆ. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದಾಗ, ನಿವೃತ್ತಿಯ ಗಂಟನ್ನೆಲ್ಲ ಅಲ್ಲೇ ಇಟ್ಟಿದ್ದವರಿಗೂ ಮೊದಲು ತೆಗೆಯಲು ಸಿಕ್ಕಿದ್ದು 35,000 ರೂಪಾಯಿ ಮಾತ್ರ.

ಗಡಿಯಲ್ಲಿರುವ ನಮಗೆ ಇನ್ನೊಂದು ಆಸೆ. ಪಾವಗಡ, ಶಿರಾ, ಮೊಳಕಾಲ್ಮೂರಿಗೆ ಹೋದರೆ ಸೌಹಾರ್ದ ಸಹಕಾರಿಗಳು, ಈ ಕಡೆ 1995ರ ಕಾಯ್ದೆಯ ಪರಸ್ಪರ ಸಹಾಯ ಸಂಘಗಳು. ಬಡ್ಡಿ ಒಂದೆರಡು ಪರ್ಸೆಂಟು ಹೆಚ್ಚು ಸಿಕ್ಕೀತು. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲದ ಇಂಥ ಸಂಘಗಳ ಠೇವಣಿಗೆ ಆ ಐದು ಲಕ್ಷದ ವಿಮೆ ಇಲ್ಲ. ಎಲ್ಲವೂ ಕೆಟ್ಟವೆಂದಲ್ಲ, ಚೆನ್ನಾಗಿ ನಡೆಯುವವೂ ಇವೆ. ಆದರೆ ಹೋದರೂ ಮನೆ ನಡೆಯುವಷ್ಟನ್ನೇ ಅಲ್ಲಿಡಿ. ಅಗ್ರಿಗೋಲ್ಡ್ ಎಂಬ ಕಂಪನಿ ಆಂಧ್ರ, ತೆಲಂಗಾಣ, ಕರ್ನಾಟಕದ ಲಕ್ಷಾಂತರ ಜನರಿಂದ ಆರು ಸಾವಿರ ಕೋಟಿಗೂ ಮೀರಿ ಹಣ ಸಂಗ್ರಹಿಸಿತ್ತು. ಅದನ್ನು ತಂದವರು ಗೊತ್ತಿದ್ದ ಏಜೆಂಟರೇ, ನೆಂಟರೇ. ದುಡ್ಡು ಸಿಕ್ಕಿಬಿದ್ದ ಮೇಲೆ ನೆಂಟಸ್ತನವೂ ಹೋಯಿತು.

ಷೇರಿನ ವಿಚಾರ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಮುಂಬಯಿಯ ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,000 ಮುಟ್ಟಿ, ಅಕ್ಟೋಬರಿನಲ್ಲಿ 8,000ಕ್ಕಿಂತ ಕೆಳಗಿಳಿಯಿತು. 2010ರ ನವೆಂಬರಿನಲ್ಲಿ ಮತ್ತೆ 21,000ಕ್ಕೆ ಬಂತು. ನಡುವೆ ಮಗಳ ಮದುವೆಗೆಂದು ಮಾರಬೇಕಾದವರು ಕಳೆದುಕೊಂಡರು. ಐದಾರು ವರ್ಷ ಮುಟ್ಟಬೇಕಾಗದ ಹಣ ಮಾತ್ರ ಅಲ್ಲಿಗೆ.

ಇಷ್ಟು ಎಚ್ಚರ ವಹಿಸುವವರೂ ಜಾಮೀನಿನ ವಿಷಯದಲ್ಲಿ ಸೋಲುತ್ತಾರೆ. "ಅಣ್ಣಾ, ಒಂದು ಸೈನು ಅಷ್ಟೇ" ಎಂದು ಬಂದವರಿಗೆ ಇಲ್ಲವೆನ್ನುವುದು ಊರಿನ ದೊಡ್ಡವರಿಗೆ ಕಷ್ಟ. 1872ರ ಕರಾರು ಕಾಯ್ದೆ ಏನೆನ್ನುತ್ತದೆ? ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಸಾಲಗಾರನ ಆಸ್ತಿ ಮುಗಿಸಿ ಆಮೇಲೆ ನಿಮ್ಮ ಬಾಗಿಲಿಗೆ ಬರಬೇಕೆಂಬ ನಿಯಮ ಬ್ಯಾಂಕಿಗಿಲ್ಲ. ಸೈನು ಹಾಕುವ ಮೊದಲು ಆ ಮೊತ್ತವನ್ನು ನಿಮ್ಮ ಸಾಲದ ಪಟ್ಟಿಗೇ ಬರೆದುಕೊಂಡು, ಮನೆಯವರಿಗೆ ಓದಿ ಹೇಳಿ. ಅವರು ಒಪ್ಪಿದರೆ ಹಾಕಿ.

ಆ ಪಟ್ಟಿಗೆ ಒಂದು ನೂರು ಪುಟದ ನೋಟ್‌ಬುಕ್ ಸಾಕು. ಆ ಕಡೆಯ ಹೊಲದ ಪಹಣಿ, ಈ ಕಡೆಯ ಅಡಂಗಲ್ ಮತ್ತು ಒನ್-ಬಿ, ಎಫ್‌ಡಿ, ಪಾಲಿಸಿ, ಕೊಟ್ಟ ಕೈಗಡ, ಹಾಕಿದ ಜಾಮೀನು, ಎಲ್ಲವೂ ಅದರಲ್ಲಿರಲಿ. ಅದು ಎಲ್ಲಿದೆ ಎಂದು ಹೆಂಡತಿಗೂ ಗೊತ್ತಿರಲಿ, ಮಗಳಿಗೂ ಗೊತ್ತಿರಲಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ; ವಾರಸುದಾರರು ದಾಖಲೆ ತಂದರೆ ಆಮೇಲೂ ವಾಪಸು ಸಿಗುತ್ತದೆ. ಅಂಥ ಹಣ ಹುಡುಕಲು 2023ರಲ್ಲಿ 'ಉದ್ಗಮ್' ಎಂಬ ಅಂತರ್ಜಾಲ ತಾಣ ತೆರೆದಿದ್ದಾರೆ. ನಿಮ್ಮ ತಂದೆಯವರ ಹೆಸರು ಹಾಕಿ ನೋಡಲು ಮಕ್ಕಳಿಗೆ ಹೇಳಿ.